ಕಾಗೆ ಎಂದೂ ‘ಗೆ’ ಎನ್ನುವುದಿಲ್ಲ

ಊಟ ಬೇಡವೆಂದು ಹಟ ಹಿಡಿದ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಮ್ಮ ಅಂಗಳಕ್ಕೆ ಬರುತ್ತಾಳೆ. ‘ಅಲ್ನೋಡು, ಕಾ ಕಾ...’ ಎಂದು ತೆಂಗಿನ ಮರದತ್ತ ಕೈ ತೋರಿಸುತ್ತಾಳೆ. ಮಗು ಬಾಯಿ ತೆರೆದುಕೊಂಡು ಮೇಲೆ ನೋಡಿದ್ದೇ ತಡ, ತುತ್ತು ಒಳಕ್ಕೆ. ಈ ಉಪಾಯ ಎಷ್ಟು ತಲೆಮಾರುಗಳದ್ದೋ! ಮಗುವಿನ ಮೊದಲ ಪ್ರಾಣಿಶಾಸ್ತ್ರವೆಲ್ಲ ಹೀಗೆ ಸದ್ದಿನಲ್ಲೇ ನಡೆಯುತ್ತದೆ. ನಾಯಿ ಎಂದರೆ ಬೌ ಬೌ, ಹಸು ಎಂದರೆ ಅಂಬಾ, ಬೆಕ್ಕು ಎಂದರೆ ಮಿಯಾಂವ್. ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ‘ಬೌ ಬೌ’ ಹೋಗಿ ‘ನಾಯಿ’ ಬಂದಿರುತ್ತದೆ, ‘ಕಾ ಕಾ’ ಹೋಗಿ ‘ಕಾಗೆ’ ಬಂದಿರುತ್ತದೆ.

ಆದರೆ ಈ ಎರಡು ಬದಲಾವಣೆಗಳು ಒಂದೇ ಬಗೆಯವಲ್ಲ. ನಾಯಿ ಎಂಬ ಪದವನ್ನು ಎಷ್ಟು ತಿರುಚಿದರೂ ಅದರೊಳಗಿಂದ ಬೊಗಳುವ ಸದ್ದು ಹೊರಡುವುದಿಲ್ಲ. ಕಾಗೆ ಎಂಬ ಪದದಲ್ಲಾದರೋ ಹಕ್ಕಿಯ ಕೂಗು ಅರ್ಧದಷ್ಟು ಇನ್ನೂ ಕುಳಿತಿದೆ. ಹಾಗಾದರೆ ಉಳಿದರ್ಧ, ಆ ‘ಗೆ’, ಎಲ್ಲಿಂದ ಬಂತು? ಕಾಗೆ ‘ಗೆ’ ಎಂದು ಕೂಗಿದ್ದನ್ನಂತೂ ಯಾರೂ ಕೇಳಿಲ್ಲ.

ನೆರೆಹೊರೆಯವರನ್ನು ವಿಚಾರಿಸಿದರೆ ಸ್ವಲ್ಪ ಸುಳಿವು ಸಿಗುತ್ತದೆ. ತಮಿಳರಿಗೆ ಅದು ಕಾಕ್ಕೈ, ಆಡುಮಾತಿನಲ್ಲಿ ಕಾಕ್ಕಾ. ಮಲಯಾಳದಲ್ಲಿ ಕಾಕ್ಕ, ತೆಲುಗಿನಲ್ಲಿ ಕಾಕಿ, ತುಳುವಿನಲ್ಲಿ ಕಕ್ಕೆ. ಸಂಸ್ಕೃತದಲ್ಲಿ ಕಾಕ. ಥಾಯ್ಲೆಂಡಿನವರು ಬರೀ ‘ಕಾ’ ಎಂದು ಸುಮ್ಮನಾಗುತ್ತಾರೆ. ಎಲ್ಲರೂ ‘ಕ’ಕಾರವನ್ನೇ ಹಿಡಿದುಕೊಂಡಿರುವಾಗ ಕನ್ನಡಿಗರು ಮಾತ್ರ ಎರಡನೆಯದನ್ನು ಮೆತ್ತಗೆ ‘ಗ’ ಮಾಡಿದ್ದಾರೆ. ಇದು ಕಾಗೆಯ ಮೇಲಿನ ವಿಶೇಷ ಪ್ರೀತಿಯಿಂದಲ್ಲ. ಶಾಲೆಯಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದವರಿಗೆ ಗೊತ್ತು: ಆಕಾಶ ಆಗಸವಾಗುತ್ತದೆ, ಕೋಕಿಲ ಕೋಗಿಲೆಯಾಗುತ್ತದೆ. ಸ್ವರಗಳ ನಡುವೆ ಸಿಕ್ಕಿಬಿದ್ದ ‘ಕ’ ಕನ್ನಡದ ಬಾಯಲ್ಲಿ ಕರಗುವ ಚಾಳಿ ಹಳೆಯದು. ಇನ್ನು ಕೊನೆಗೊಂದು ಸ್ವರ ಇಲ್ಲದಿದ್ದರೆ ನಮಗೆ ಪದ ಮುಗಿದಂತೆಯೇ ಅನ್ನಿಸುವುದಿಲ್ಲ. ಇಂಗ್ಲಿಷಿನ ಬಸ್ ಕೂಡ ಇಲ್ಲಿಗೆ ಬಂದು ಬಸ್ಸಾಯಿತಲ್ಲ. ಅಂದರೆ ಹೆಸರಿನ ಮೊದಲರ್ಧವನ್ನು ಹಕ್ಕಿ ಕೊಟ್ಟಿತು, ಹಿಂದರ್ಧವನ್ನು ಕನ್ನಡ ಕೊಟ್ಟಿತು. ಪ್ರಾಣಿಗಳಿಗೆ ಸದ್ದಿನಿಂದ ಹೆಸರು ಬಂದಿರುವ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಇಂಥದೇ ಪಾಲುದಾರಿಕೆ ಕಾಣುತ್ತದೆ.

ಈ ಕಾಗೆಯ ಹೆಸರಿನ ಮೇಲೆ ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಒಂದು ಜಗಳವೇ ನಡೆದಿತ್ತು. ವೇದದ ಕಠಿಣ ಪದಗಳಿಗೆ ಅರ್ಥ ಹೇಳುವ ‘ನಿರುಕ್ತ’ವನ್ನು ಬರೆದ ಯಾಸ್ಕ, ಹೆಸರುಗಳೆಲ್ಲ ಕ್ರಿಯಾಪದಗಳಿಂದ ಹುಟ್ಟಿದವು ಎಂದು ನಂಬಿದವರ ಪಂಗಡದವನು. ಯಾವ ಪದ ಕೊಟ್ಟರೂ ಅದಕ್ಕೊಂದು ಧಾತು ಹುಡುಕುವುದು ಅವನ ಕಸುಬು. ಅಂಥವನು ಕಾಕದ ಬಳಿ ಬಂದಾಗ ಮಾತ್ರ ಕೈಚೆಲ್ಲಿ, ಇದು ಸದ್ದಿನ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇಂಥದು ಬಹಳ ಎಂದು ಒಪ್ಪಿಕೊಂಡ. ಅಲ್ಲಿಗೆ ಮುಗಿಯಲಿಲ್ಲ. ಔಪಮನ್ಯವ ಎಂಬ ಇನ್ನೊಬ್ಬ ಪಂಡಿತನ ವಾದವನ್ನೂ ಅಲ್ಲೇ ಹೇಳಿದ್ದಾನೆ. ಅವನ ಪ್ರಕಾರ ಸದ್ದಿನಿಂದ ಹೆಸರು ಹುಟ್ಟುವುದೇ ಇಲ್ಲ. ಕಾಕ ಎಂದರೆ ಓಡಿಸಬೇಕಾದದ್ದು! ಹಪ್ಪಳ ಒಣಗಿಸುವ ಮನೆಗಳಲ್ಲಿ ಈ ವ್ಯುತ್ಪತ್ತಿಗೆ ಇವತ್ತಿಗೂ ಬೆಂಬಲ ಸಿಕ್ಕೀತು.

ಔಪಮನ್ಯವನನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಸಂಸ್ಕೃತದಲ್ಲಿ ಅರ್ಥದಿಂದ ಹುಟ್ಟಿದ ಪ್ರಾಣಿನಾಮಗಳು ಬೇಕಾದಷ್ಟಿವೆ. ಸೊಂಡಿಲೆಂಬ ಕೈ ಇರುವುದರಿಂದ ಆನೆ ಹಸ್ತಿ. ಸದಾ ಮೈ ನೆಕ್ಕಿ ಒರೆಸಿಕೊಳ್ಳುವುದರಿಂದ ಬೆಕ್ಕು ಮಾರ್ಜಾರ. ಕೋಗಿಲೆಗೆ ಕೂಗಿನ ಹೆಸರಷ್ಟೇ ಸಾಲದೆಂದು ಕವಿಗಳು ಪರಭೃತ ಎಂದರು. ಪರರು ಸಾಕಿದ್ದು ಎಂದರ್ಥ, ಸಾಕಿದ್ದು ಕಾಗೆ. ಹುಂಜದ ವಿಷಯದಲ್ಲಿ ಯಾಸ್ಕ ಒಂದು ರಾಜಿಸೂತ್ರವನ್ನೇ ಮಾಡಿದ. ಅದರ ವೇದಕಾಲದ ಹೆಸರು ಕೃಕವಾಕು. ಮೊದಲ ತುಂಡು ಸದ್ದಿನ ಅನುಕರಣೆ, ಎರಡನೆಯ ತುಂಡು ‘ಮಾತಾಡು’ ಎಂಬ ಧಾತುವಿನದು. ‘ಕೃಕ’ ಎಂದು ನುಡಿಯುವುದು ಕೃಕವಾಕು.

ಸದ್ದಿನ ಜಾಡು ಹಿಡಿದು ಹೊರಟವರಿಗೆ ಹಳ್ಳಗಳೂ ಉಂಟು. ಗೌಜಲ ಹಕ್ಕಿಯನ್ನೇ ನೋಡಿ. ಬೆಳಗಾಗೆದ್ದು ಬೇಲಿಯ ಮರೆಯಿಂದ ಗಂಟಲು ಹರಿಯುವಂತೆ ಕೂಗುತ್ತದೆ. ಗೌಜು ಎಂದರೆ ಗದ್ದಲ. ಸರಿ, ಗದ್ದಲ ಮಾಡುವುದರಿಂದ ಗೌಜಲ ಎಂದು ತೀರ್ಮಾನಿಸಿಬಿಡಬಹುದು. ಆದರೆ ಅದರ ಬಂಧುಪದ ತಮಿಳಿನ ಕೌದಾರಿಯಲ್ಲಿ ಗೌಜೂ ಇಲ್ಲ, ಗದ್ದಲವೂ ಇಲ್ಲ. ಇದೇ ಹಕ್ಕಿಗೆ ಹಿಂದಿಯಲ್ಲಿ ತೀತರ್, ಸಂಸ್ಕೃತದಲ್ಲಿ ತಿತ್ತಿರಿ. ಒಮ್ಮೆ ಕೂಗು ಕೇಳಿದವರಿಗೆ ಆ ಹೆಸರು ಬಂದದ್ದು ಹೇಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಾಸ್ಕನೇ ಇಲ್ಲಿ ಎಡವಿ, ಮೈಮೇಲೆ ಎಳ್ಳಿನಷ್ಟೆಳ್ಳಿನಷ್ಟು ಚುಕ್ಕೆ ಇರುವುದರಿಂದಲೂ ಇರಬಹುದೆಂದು ತಡಕಾಡಿದ್ದಾನೆ. ಅಂದ ಹಾಗೆ ತೈತ್ತಿರೀಯ ಉಪನಿಷತ್ತಿನ ಹೆಸರಿನಲ್ಲಿರುವುದೂ ಈ ತಿತ್ತಿರಿಯೇ. ಯಾಜ್ಞವಲ್ಕ್ಯ ಗುರುವಿನೊಂದಿಗೆ ಮುನಿಸಿಕೊಂಡು ಕಲಿತ ವೇದವನ್ನು ಕಾರಿಕೊಂಡಾಗ ಉಳಿದ ಶಿಷ್ಯರು ತಿತ್ತಿರಿಗಳಾಗಿ ಅದನ್ನು ಹೆಕ್ಕಿಕೊಂಡರೆಂದು ಪುರಾಣ ಹೇಳುತ್ತದೆ. ತಿತ್ತಿರಿ ಎಂಬ ಋಷಿಯಿಂದ ಬಂದ ಹೆಸರು ಎನ್ನುವವರೂ ಇದ್ದಾರೆ. ಆ ಋಷಿಗಾದರೂ ಹೆಸರು ಕೊಟ್ಟದ್ದು ಹಕ್ಕಿಯೇ ತಾನೇ.

ಯುರೋಪಿನಲ್ಲಿ ಇದೇ ಜಗಳ 19ನೇ ಶತಮಾನದಲ್ಲಿ ಮತ್ತೆ ಹೊತ್ತಿಕೊಂಡಿತು. ಮನುಷ್ಯ ಪ್ರಾಣಿಗಳ ಕೂಗನ್ನು ಅನುಕರಿಸುತ್ತ ಅನುಕರಿಸುತ್ತ ಮಾತು ಕಲಿತ ಎಂಬ ವಾದವನ್ನು, ಋಗ್ವೇದ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ 1861ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ‘ಬೌ ವೌ ಸಿದ್ಧಾಂತ’ ಎಂದು ಅಣಕಿಸಿದರು. ಅಣಕದ ಹೆಸರೇ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿತು. ಕುಕೂ ಹಕ್ಕಿಯ ಹೆಸರು ಕೂಗಿನಿಂದ ಬಂದದ್ದೆಂದು ಮುಲ್ಲರ್ ಕೂಡ ಒಪ್ಪಿದ್ದರು. ಆದರೆ ಅಂಥ ಪದಗಳು ಬೇರಿಲ್ಲದ ಕೃತಕ ಹೂವುಗಳ ಹಾಗೆ, ಅವುಗಳಿಂದ ಬೇರೆ ಪದಗಳು ಹುಟ್ಟುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇದು ಅಷ್ಟು ಸರಿಯಲ್ಲ. ಗ್ರೀಕರು ಕುಕೂವನ್ನು ‘ಕೊಕ್ಕಿಕ್ಸ್’ ಎಂದು ಕರೆದರು. ಮನುಷ್ಯನ ಬೆನ್ನೆಲುಬಿನ ತುದಿಯ ಪುಟ್ಟ ಮೂಳೆ ಆ ಹಕ್ಕಿಯ ಕೊಕ್ಕಿನಂತಿದೆ ಎಂದು ಅದಕ್ಕೂ ಅದೇ ಹೆಸರಿಟ್ಟರು. ಇವತ್ತು ಜೀವಶಾಸ್ತ್ರದ ವಿದ್ಯಾರ್ಥಿ ಪರೀಕ್ಷೆಯಲ್ಲಿ ‘ಕಾಕ್ಸಿಕ್ಸ್’ ಎಂದು ಬರೆಯುವಾಗ ಒಂದು ಕುಕೂ ಕೂಗಿರುತ್ತದೆ, ಅವನಿಗೆ ಕೇಳಿಸಿರುವುದಿಲ್ಲ ಅಷ್ಟೆ. ಉಪನಿಷತ್ತಿಗೆ ಹೆಸರು ಕೊಟ್ಟ ತಿತ್ತಿರಿಯ ಕಥೆಯಂತೂ ಋಗ್ವೇದದ ಸಂಪಾದಕರಿಗೆ ಗೊತ್ತಿರಲೇಬೇಕು.

ಭಾಷಾವಿಜ್ಞಾನಿ ಸೊಸ್ಯೂರ್ ಹಿಡಿದದ್ದು ಇನ್ನೊಂದು ಎಳೆ. 1916ರಲ್ಲಿ, ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ, ಶಿಷ್ಯರು ಹೊರತಂದ ಪಾಠಗಳಲ್ಲಿ ಪಾರಿವಾಳದ ಫ್ರೆಂಚ್ ಹೆಸರಿನ ಉದಾಹರಣೆ ಬರುತ್ತದೆ. ಪಿಪಿ ಎಂದು ಚೀರುವ ಮರಿಹಕ್ಕಿಗೆ ಆಡುಮಾತಿನ ಲ್ಯಾಟಿನ್ನಿನಲ್ಲಿ ಪೀಪಿಯೊ ಎಂದು ಹೆಸರು. ಬಾಯಿಂದ ಬಾಯಿಗೆ ಸವೆಯುತ್ತ ಅದು ಫ್ರೆಂಚಿನಲ್ಲಿ ಪೀಜೋಂ ಆಯಿತು, ಇಂಗ್ಲಿಷಿಗೆ ಬಂದು ಪಿಜನ್ ಆಯಿತು. ಸದ್ದು ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು. ಹಕ್ಕಿ ತನ್ನ ಕೂಗನ್ನು ಬದಲಿಸಲಿಲ್ಲ, ಭಾಷೆ ತನ್ನ ದಾರಿ ಹಿಡಿಯಿತು. ನಮ್ಮ ಕಾಗೆ ಆ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟು ನಿಂತಿದೆ ಎನ್ನಬಹುದು.

ಹೆಸರು ಸವೆಯುವುದು ಆಮೇಲಿನ ಮಾತು. ಕೇಳುವಾಗಲೇ ಕಿವಿಗಳು ಒಂದೇ ಥರ ಕೇಳುವುದಿಲ್ಲ. ಹುಂಜ ಕನ್ನಡಿಗರಿಗೆ ಕೊಕ್ಕೊಕ್ಕೋ ಎನ್ನುತ್ತದೆ, ಫ್ರೆಂಚರಿಗೆ ಕೊಕೊರಿಕೊ, ಜರ್ಮನರಿಗೆ ಕಿಕೆರಿಕಿ, ಜಪಾನಿಗಳಿಗೆ ಕೊಕೆಕೊಕ್ಕೋ. ಫಿಲಿಪೀನ್ಸಿನಲ್ಲಿ ತಿಕ್‌ತಿಲಾವೊಕ್. ಕಾಕ್-ಎ-ಡೂಡಲ್-ಡೂ ಎಂಬ ಇಂಗ್ಲಿಷ್ ಹುಂಜವನ್ನು ಶಿಶುವಿಹಾರದ ಪ್ರಾಸಪುಸ್ತಕಗಳು ನಮ್ಮ ಮನೆಗಳಿಗೂ ತಂದು ಬಿಟ್ಟಿವೆ. ಹಿತ್ತಲಿನ ಹುಂಜ ಏನೆನ್ನುತ್ತದೆ ಎಂದು ಕೇಳಿದರೆ ಪುಸ್ತಕದ ಹುಂಜದ ಉತ್ತರ ಕೊಡುವ ಮಕ್ಕಳಿದ್ದಾರೆ.

ಎಲ್ಲ ವ್ಯತ್ಯಾಸಕ್ಕೂ ಭಾಷೆಯೇ ಕಾರಣವಲ್ಲ, ಕೆಲವೊಮ್ಮೆ ಪ್ರಾಣಿಯೇ ಬೇರೆ. ನಮ್ಮ ಕಪ್ಪೆ ವಟಗುಟ್ಟುತ್ತದೆ, ಜಪಾನಿನದು ಕೆರೊ ಕೆರೊ ಎನ್ನುತ್ತದೆ, ಅಮೆರಿಕದವರ ಕಪ್ಪೆ ‘ರಿಬಿಟ್’ ಎನ್ನುತ್ತದೆ. ಈ ರಿಬಿಟ್ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಸಣ್ಣ ಮರಗಪ್ಪೆಯ ಕೂಗು. ಹಾಲಿವುಡ್ ಇರುವುದು ಅಲ್ಲೇ. ಸಿನಿಮಾದವರಿಗೆ ಧ್ವನಿಮುದ್ರಣಕ್ಕೆ ಹತ್ತಿರದಲ್ಲಿ ಸಿಕ್ಕ ಕಪ್ಪೆ ಅದು. ಹಾಗಾಗಿ ಆಫ್ರಿಕದ ಕಾಡಿನ ದೃಶ್ಯದಲ್ಲೂ ಕ್ಯಾಲಿಫೋರ್ನಿಯದ ಕಪ್ಪೆ ಕೂಗಿ, ಕಪ್ಪೆ ಎಂದರೆ ರಿಬಿಟ್ ಎಂಬುದು ಲೋಕಕ್ಕೆಲ್ಲ ಹಬ್ಬಿತು.

ಹಕ್ಕಿಯೂ ಒಂದೇ, ಕೂಗೂ ಒಂದೇ ಆಗಿದ್ದು ಕೇಳುವವರು ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಇದೆ. ಗಿಡುಗದ ವೇಷದ ಒಂದು ಕೋಗಿಲೆಜಾತಿಯ ಹಕ್ಕಿ ಬೇಸಿಗೆಯ ಕೊನೆಗೆ, ಮಳೆ ಹತ್ತಿರವಾದಂತೆ, ಮೂರು ಸ್ವರಗಳನ್ನು ಮತ್ತೆ ಮತ್ತೆ ಏರಿಸುತ್ತ ಕೂಗುತ್ತದೆ. ಇನ್ನೇನು ಗಂಟಲು ಒಡೆಯಿತು ಎನ್ನುವಾಗ ನಿಲ್ಲಿಸಿ, ಸ್ವಲ್ಪ ಹೊತ್ತಿಗೆ ಮೊದಲಿನಿಂದ ಶುರುಮಾಡುತ್ತದೆ. ರಾತ್ರಿಯೂ ಬಿಡುವುದಿಲ್ಲ. ಹಿಂದಿಯವರಿಗೆ ಇದು ಪಪೀಹ. ಅದು ಕೂಗುವುದು ‘ಪೀ ಕಹಾಂ’, ನಲ್ಲ ಎಲ್ಲಿ ಎಂದು. ಬಂಗಾಳಿಗಳಿಗೆ ಕೇಳಿಸುವುದು ‘ಚೋಖ್ ಗೇಲೋ’, ಕಣ್ಣು ಹೋಯಿತು. ಮರಾಠಿ ರೈತನಿಗೆ ಅದು ‘ಪಾವೂಸ್ ಆಲಾ’, ಮಳೆ ಬಂತು. ಅಥವಾ ‘ಪೇರ್ತೇ ವ್ಹಾ’, ಬಿತ್ತನೆಗೆ ಹೊರಡಿ. ಅದಕ್ಕೇ ಹಕ್ಕಿಯ ಹೆಸರೂ ಪಾವಶ್ಯಾ. ಸೆಕೆಗೆ ನಿದ್ದೆ ಬಾರದೆ ಹೊರಳಾಡುತ್ತಿದ್ದ ಬ್ರಿಟಿಷರಿಗೆ ಕೇಳಿಸಿದ್ದು ‘ಬ್ರೇನ್ ಫೀವರ್’, ಮೆದುಳು ಜ್ವರ. ಅವರ ಪುಸ್ತಕಗಳಲ್ಲಿ ಹಕ್ಕಿಯ ಹೆಸರೇ ಬ್ರೇನ್ ಫೀವರ್ ಹಕ್ಕಿ. ವಿರಹಿ, ರೈತ, ಪರದೇಶಿ: ಹಕ್ಕಿ ಯಾರಿಗೂ ಏನನ್ನೂ ಹೇಳಿಲ್ಲ, ಎಲ್ಲರೂ ತಮ್ಮದನ್ನು ಕೇಳಿಸಿಕೊಂಡಿದ್ದಾರೆ.

ಟಿಟ್ಟಿಭವೂ ಇಂಥದೇ. ಮೊಟ್ಟೆ ಕದ್ದ ಸಮುದ್ರವನ್ನೇ ಮಣಿಸಿದ ಪಂಚತಂತ್ರದ ಹಕ್ಕಿ ಅದು. ಗದ್ದೆಯಂಚಿನಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಎದ್ದು ಊರಿಗೆಲ್ಲ ಸಾರುತ್ತದೆ. ಇಂಗ್ಲಿಷರಿಗೆ ಅದು ‘ಡಿಡ್ ಹಿ ಡು ಇಟ್’ ಎಂದು ಕೇಳಿದಂತಾಯಿತು. ಯುರೋಪಿನಲ್ಲಿರುವ ಅದರ ದಾಯಾದಿಯ ಕೂಗು ಸ್ವಲ್ಪ ಬೇರೆ. ಅದನ್ನು ಜರ್ಮನರು ಕೀಬಿಟ್ಸ್ ಎಂದರು, ಡಚ್ಚರು ಕೀವಿಟ್, ಇಂಗ್ಲಿಷರು ಪೀವಿಟ್, ರಷ್ಯನ್ನರು ಚೀಬಿಸ್. ಫ್ರಾನ್ಸಿನ ಹಳ್ಳಿಗರು ‘ದೀಜ್‌ವೀತ್’ ಎಂದರು. ಫ್ರೆಂಚಿನಲ್ಲಿ ಹಾಗೆಂದರೆ ಹದಿನೆಂಟು!

ಇಷ್ಟಾದರೂ ಸದ್ದಿನ ಹೆಸರು ಎಲ್ಲ ಪ್ರಾಣಿಗೂ ಸಿಕ್ಕಿಲ್ಲ. ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಬೀಳುವ ಪ್ರಾಣಿಗೆ ಕಿವಿಯೇ ನಾಮಕರಣ ಮಾಡುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಎಲೆಯ ಮರೆಯ ಕೋಗಿಲೆ, ಪೊದೆಯೊಳಗಿನ ತಿತ್ತಿರಿ, ಸಂಜೆಗತ್ತಲ ಜೀರುಂಡೆ. ಗೂಬೆಗಂತೂ ಲೋಕವೆಲ್ಲ ‘ಉ’ಕಾರದ ಹೆಸರೇ: ನಮ್ಮ ಗೂಬೆ ಮತ್ತು ಗುಮ್ಮ, ಸಂಸ್ಕೃತದ ಉಲೂಕ, ಜರ್ಮನರ ಊಹು, ಲ್ಯಾಟಿನ್ನಿನ ಬೂಬೊ. ನ್ಯೂಜಿಲೆಂಡಿನ ಮಾವೋರಿ ಜನ ತಮ್ಮ ಗೂಬೆಯನ್ನು ರುರು ಎನ್ನುತ್ತಾರೆ. ಅಲ್ಲಿಗೆ ಹೋಗಿ ನೆಲೆಸಿದ ಬಿಳಿಯರಿಗೆ ಅದೇ ಕೂಗು ‘ಮೋರ್ ಪೋರ್ಕ್’, ಇನ್ನಷ್ಟು ಹಂದಿಮಾಂಸ ಎಂದು ಕೇಳಿಸಿ, ಗೂಬೆಯ ಇಂಗ್ಲಿಷ್ ಹೆಸರೇ ಮೋರ್‌ಪೋರ್ಕ್ ಆಯಿತು. ಹೊಟ್ಟೆ ಹಸಿದಿತ್ತೇನೋ.

ಕಣ್ಣಿಗೂ ಕಿವಿಗೂ ಬೀಳುವ ಹಕ್ಕಿಯಾದರೆ ಎರಡು ಪಕ್ಷಗಳಾಗುತ್ತವೆ. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟಿರುವ ಹಕ್ಕಿಗೆ ಕನ್ನಡದಲ್ಲಿ ಚಂದ್ರಮುಕುಟ ಎಂಬ ಚೆಲುವಾದ ಹೆಸರಿದೆ. ಅದು ಕಣ್ಣು ಇಟ್ಟ ಹೆಸರು. ಅರಬ್ಬಿಯಲ್ಲಿ ಅದು ಹುದ್‌ಹುದ್, ಕಿವಿ ಇಟ್ಟದ್ದು. ಕುರಾನಿನಲ್ಲಿ ಸುಲೈಮಾನರಿಗೆ ದೂರದ ರಾಣಿಯ ಸುದ್ದಿ ತರುವ ಹಕ್ಕಿ ಇದೇ. ಗ್ರೀಕರಿಗೆ ಎಪೊಪ್ಸ್, ರೋಮನರಿಗೆ ಉಪುಪ, ಇಂಗ್ಲಿಷರಿಗೆ ಹೂಪೂ. 1758ರಲ್ಲಿ ಲಿನ್ನೇಯಸ್ ವೈಜ್ಞಾನಿಕ ಹೆಸರಿಡುವಾಗ ಗ್ರೀಕ್ ಮತ್ತು ಲ್ಯಾಟಿನ್ ಎರಡನ್ನೂ ಸೇರಿಸಿ ‘ಉಪುಪ ಎಪೊಪ್ಸ್’ ಎಂದು ಬರೆದರು. ವಿಜ್ಞಾನದ ಗಂಭೀರ ಪುಸ್ತಕದಲ್ಲಿ ಹಕ್ಕಿ ಎರಡು ಸಲ ಕೂಗಿದಂತಾಯಿತು.

ಹಕ್ಕಿಗಳಷ್ಟೇ ಅಲ್ಲ. ಪ್ರಾಚೀನ ಈಜಿಪ್ಟಿನವರು ಬೆಕ್ಕನ್ನು ‘ಮಿಉ’ ಎಂದರು. ಚೀನಿಯರು ಮಾವೊ ಎನ್ನುತ್ತಾರೆ, ವಿಯೆಟ್ನಾಮಿನವರು ಮೆಯೊ. ಹಲ್ಲಿಯ ಲೊಚಗುಟ್ಟುವಿಕೆಯಿಂದ ಶಕುನ ಹೇಳುವ ನಾವು ಅದಕ್ಕೆ ಆ ಸದ್ದಿನ ಹೆಸರಿಡಲಿಲ್ಲ. ಮಲಯ, ಇಂಡೊನೇಷ್ಯದವರು ‘ಚಿಚಾಕ್’ ಎಂದು ಇಟ್ಟರು. ಆ ಕಡೆಯ ಕಾಡುಗಳಲ್ಲಿ ಮೊಳದುದ್ದಕ್ಕೆ ಸ್ವಲ್ಪ ಕಡಿಮೆ ಬೆಳೆಯುವ, ಗಟ್ಟಿಯಾಗಿ ಕೂಗುವ ಹಲ್ಲಿಯೊಂದಿದೆ. ಇಂಡೊನೇಷ್ಯದಲ್ಲಿ ತೊಕೆಕ್, ಫಿಲಿಪೀನ್ಸಿನಲ್ಲಿ ತುಕೊ, ಥಾಯ್ಲೆಂಡಿನಲ್ಲಿ ತುಕ್‌ಕೆ. ಇಂಗ್ಲಿಷಿನ ಗೆಕ್ಕೊ ಮಲಯ ಭಾಷೆಯಿಂದ ಹೋದದ್ದು. ಮ್ಯಾನ್ಮಾರಿನಲ್ಲಿ ಅದೇ ಹಲ್ಲಿ ತೌಕ್ತೆ. ಹೌದು, 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಗೆ ಮಳೆ ಸುರಿದು, ಕಡಲಲೆಗಳನ್ನು ದಂಡೆಯ ಮನೆಗಳಿಗೆ ನುಗ್ಗಿಸಿ, ಗುಜರಾತಿಗೆ ಅಪ್ಪಳಿಸಿದ ಚಂಡಮಾರುತ. ಆ ಹೆಸರು ಸೂಚಿಸಿದ್ದು ಮ್ಯಾನ್ಮಾರ್. ಒಂದು ಹಲ್ಲಿಯ ಕೂಗು ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಹಾಗೆ.

ಅನುಕರಣೆ ಪೂರ್ತಿ ಸವೆದಮೇಲೂ ಹೆಸರಿನಲ್ಲಿ ಏನಾದರೂ ಉಳಿಯುತ್ತದೆಯೇ? ಅಮೆರಿಕದ ಮಾನವಶಾಸ್ತ್ರಜ್ಞ ಬ್ರೆಂಟ್ ಬರ್ಲಿನ್ ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ಪೆರು ದೇಶದ ಮಳೆಕಾಡಿನ ವಾಂಬೀಸ ಜನರ ಭಾಷೆಯಿಂದ ಒಂದು ಹಕ್ಕಿಯ ಹೆಸರು, ಒಂದು ಮೀನಿನ ಹೆಸರು ಹೀಗೆ ಜೋಡಿ ಜೋಡಿಯಾಗಿ ಆರಿಸಿ, ಆ ಭಾಷೆಯ ಗಂಧವೂ ಇಲ್ಲದ ಅಮೆರಿಕನ್ ವಿದ್ಯಾರ್ಥಿಗಳ ಮುಂದಿಟ್ಟರು. ಹಕ್ಕಿ ಯಾವುದು ಎಂಬ ಪ್ರಶ್ನೆಗೆ ಅವರು ಬರೀ ಕುರುಡು ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು ಸಲ ಸರಿ ಉತ್ತರ ಕೊಟ್ಟರು. ಒಂದು ಜೋಡಿ ಹೀಗಿತ್ತು: ಚುಂಚುಯ್ಕಿಟ್ ಮತ್ತು ಮೌಟ್ಸ್. ಮನೆಯಲ್ಲಿ ಮಕ್ಕಳನ್ನು ಕೇಳಿ ನೋಡಬಹುದು. ಮೊದಲನೆಯದು ಹಕ್ಕಿ.

ಸದ್ದಿನ ಹೆಸರು ಅದನ್ನು ಕೂಗಿದ ಪ್ರಾಣಿ ಹೋದಮೇಲೂ ಉಳಿಯಬಲ್ಲದು. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಹುಯಾ ಎಂಬ ಹಕ್ಕಿ ಇತ್ತು. ಕಪ್ಪು ಮೈ, ಬಾಲದ ತುದಿಗೆ ಬಿಳಿ ಪಟ್ಟಿ. ಗಂಡಿನ ಕೊಕ್ಕು ಗಿಡ್ಡ, ಹೆಣ್ಣಿನದು ನೀಳವಾಗಿ ಬಾಗಿದ್ದು. ಅದರ ಬಾಲದ ಗರಿಯನ್ನು ಮಾವೋರಿ ಮುಖಂಡರು ಮುಡಿಯುತ್ತಿದ್ದರು. 1901ರಲ್ಲಿ ಭೇಟಿಗೆ ಬಂದ ಇಂಗ್ಲೆಂಡಿನ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ಟೋಪಿಗೆ ಒಂದು ಹುಯಾ ಗರಿ ಸಿಕ್ಕಿಸಿಕೊಂಡ. ಆಮೇಲೆ ಎಲ್ಲರಿಗೂ ಆ ಗರಿ ಬೇಕಾಯಿತು. ಕಾಡೂ ಕಡಿದು ಮುಗಿಯುತ್ತ ಬಂದಿತ್ತು. 1907ರ ಡಿಸೆಂಬರಿನ ನಂತರ ಹುಯಾವನ್ನು ಖಚಿತವಾಗಿ ಕಂಡವರಿಲ್ಲ. ಜೀವಂತ ಹಕ್ಕಿಯ ದನಿಯನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ.

ಹುಯಾ ಹಿಡಿಯುವ ಮಾವೋರಿಗಳು ಅದರಂತೆಯೇ ಶಿಳ್ಳೆ ಹಾಕಿ ಹತ್ತಿರ ಕರೆಯುತ್ತಿದ್ದರು. 1909ರಲ್ಲಿ ಉಳಿದಿರಬಹುದಾದ ಹುಯಾಗಳನ್ನು ಹುಡುಕಲು ಹೊರಟ ತಂಡದಲ್ಲಿ ಹೆನಾರೆ ಹಮಾನಾ ಎಂಬ ಮಾವೋರಿ ಇದ್ದರು. ಎಷ್ಟೋ ವರ್ಷಗಳ ಮೇಲೆ, ಶತಮಾನದ ನಡುವಿನಲ್ಲಿ, ಅವರಿಂದ ಆ ಶಿಳ್ಳೆ ಹಾಕಿಸಿ ಮುದ್ರಿಸಿಕೊಂಡರು. ಹುಯಾದ ದನಿ ಎಂದು ಈಗ ಕೇಳಲು ಸಿಗುವುದು ಅದೊಂದೇ. ಹಿಂದೆ ಹಕ್ಕಿಯನ್ನು ಕೇಳಿದವರು ಅದರ ಕೂಗನ್ನು ‘ಉಯಾ, ಉಯಾ’ ಎಂದು ಬರೆದಿಟ್ಟಿದ್ದಾರೆ. ಇಂಗ್ಲಿಷ್ ಕಿವಿಗೆ ಅದು ‘ವೇರ್ ಆರ್ ಯೂ’, ಎಲ್ಲಿದ್ದೀಯ, ಎಂದು ಕೇಳುತ್ತಿತ್ತಂತೆ.